ಒಂದೇ ಗೂಡಿನ ನಾಲ್ಕು ಹಂದಿ, ಎರಡು ಬೆಳೆದ್ವು ಎರಡು ಬೆಳೀಲಿಲ್ಲ: ಒಂದು ಪ್ರಕರಣ ಅಧ್ಯಯನ

ನಾಲ್ಕು ಮರಿ, ಒಂದೇ ತಾಯಿದು, ಒಂದೇ ದಿನ ಜೀಪಲ್ಲಿ ಹಾಕ್ಕೊಂಡು ಬಂದಿದ್ದು, ಒಂದೇ ಗೂಡು, ಒಂದೇ ಬಕೆಟ್ ಮೇವು. ಆದ್ರೂ ಮೇ ತಿಂಗಳಲ್ಲಿ ಅಳತೆ ಹಾಕಿ ನೋಡಿದ್ರೆ ಎರಡು 50 ಕೆಜಿ ದಾಟಿದಾವೆ, ಇನ್ನೆರಡು 30ರ ಆಸುಪಾಸಲ್ಲೇ ನಿಂತುಬಿಟ್ಟಿದಾವೆ. ಬೆನ್ನು ಮೂಳೆ ಎದ್ದು ಕಾಣುತ್ತೆ, ಹೊಟ್ಟೆ ಮಾತ್ರ ಡೊಳ್ಳು, ರೋಮ ಒರಟು ಒರಟು. ಇದು 2022ರಲ್ಲಿ ಕೊಡಗಿನ ಪೊನ್ನಂಪೇಟೆ ಕಡೆ ನಮ್ಮ ಪಕ್ಕದ ತೋಟದಲ್ಲಿ ಆಗಿದ್ದು. ಮಿಲಿಟರಿಯಿಂದ ರಿಟೈರ್ ಆಗಿ ಬಂದು ಕಾಫಿ, ಕರಿಮೆಣಸು ನೋಡ್ಕೊಂಡಿರೋ ಅಂಕಲ್ಲು, ಅವರ ಮನೆಯವ್ರು ಆಂಟಿ, ಮಗ ಸೊಸೆ ಬೆಂಗಳೂರಲ್ಲಿ. ಹಂದಿ ಅವರಿಗೆ ಬಿಸಿನೆಸ್ ಅಲ್ಲ. ಸೆಪ್ಟೆಂಬರ್ 3ರ ಕೈಲ್‌ಮುಹೂರ್ತ ಹಬ್ಬಕ್ಕೆ ಮನೆ ಹಂದಿನೇ ಆಗ್ಬೇಕು, ಒಂದೆರಡು ನೆಂಟರಿಗೆ, ಅಕ್ಕಪಕ್ಕದವರಿಗೆ ಪಾಲು ಹಾಕಿದ್ರೆ ಮೇವಿನ ದುಡ್ಡು ಹುಟ್ಟುತ್ತೆ, ಅಷ್ಟೇ ಲೆಕ್ಕಾಚಾರ. ನಮ್ಮ ಕಡೆ ತುಂಬಾ ಮನೆಗಳಲ್ಲಿ ಹಿಂಗೇ ನಡೆಯೋದು, ಅದಕ್ಕೇ ಇದನ್ನ ಪೂರ್ತಿ ಬರೀತಿದೀನಿ.

ಮರಿ ಬೇಕು ಅಂದ್ರೆ ಜನ ಮೊದಲು ಕೂಡಿಗೆ ಸರ್ಕಾರಿ ಫಾರ್ಮ್ ಹೆಸರು ಹೇಳ್ತಾರೆ, ಇವರು ತಂದಿದ್ದು ಮಾತ್ರ ಸಿದ್ದಾಪುರ ಕಡೆ ಸಾಕೋರೊಬ್ಬರ ಹತ್ರ, ಜನವರಿ ಶುರುವಲ್ಲಿ, ಆಗ ಎಂಟು ವಾರದ ಮರಿ. ಯಾರ್ಕ್‌ಶೈರ್, ಲ್ಯಾಂಡ್ರೇಸ್ ಕ್ರಾಸ್, ಬಿಳಿ ಹಂದಿ. ಎರಡು ಗಂಡು ಎರಡು ಹೆಣ್ಣು. ಗಂಡಿಗೆ ಬೀಜ ತೆಗೆಸಿ ಆಗಿತ್ತು, ಅದು ಒಳ್ಳೇದೇ, ತೆಗೆಸದೆ ಬಿಟ್ಟ ಗಂಡು ಪ್ರಾಯಕ್ಕೆ ಬಂದ್ಮೇಲೆ ಮಾಂಸ ಬೇಯಿಸುವಾಗ ಒಂಥರಾ ಉಚ್ಚೆ ವಾಸನೆ ಹೊಡೆಯುತ್ತೆ, ಎಷ್ಟು ಕಾಚಂಪುಳಿ (ಹಂದಿ ಸಾರಿಗೆ ಹಾಕೋ ನಮ್ಮ ಕಡೆಯ ಕಪ್ಪು ಹುಳಿ) ಹಾಕಿದ್ರೂ ಹೋಗಲ್ಲ. ಜಂತುಹುಳಕ್ಕೆ ಔಷಧಿ ಹಾಕಿದೀವಿ ಅಂತ ಮಾರಿದವರು ಹೇಳಿದ್ರು, ಇವರು ಹೌದಾ ಅಂತ ಸುಮ್ಮನಾದ್ರು.

ಗೂಡು ಅಂದ್ರೆ ಹಳೇ ಹಸು ಕೊಟ್ಟಿಗೆಯ ಒಂದು ಮೂಲೆ, ಎಂಟಡಿ ಉದ್ದ ಆರಡಿ ಅಗಲ, ಸಿಮೆಂಟ್ ನೆಲ, ಹಿಂದಕ್ಕೆ ಇಳಿಜಾರು, ನೀರು ಹೋಗಿ ಗೊಬ್ಬರದ ಗುಂಡಿಗೆ ಬೀಳುತ್ತೆ. ದೊಡ್ಡ ಹಂದಿ ಒಂದಕ್ಕೆ ಕಮ್ಮಿ ಅಂದ್ರೂ 10-12 ಚದರಡಿ ಬೇಕು ಅಂತಾರಲ್ಲ, ಆ ಲೆಕ್ಕದಲ್ಲಿ ನಾಲ್ಕಕ್ಕೆ ಸರಿಯಾಗೇ ಇತ್ತು. ಎಡವಟ್ಟು ಇದ್ದಿದ್ದು ತೊಟ್ಟಿಲಿ. ಎರಡಡಿ ಉದ್ದದ ಒಂದು ಕಲ್ಲಿನ ತೊಟ್ಟಿ, ಅದೂ ಗೋಡೆ ಮೂಲೆಗೆ ಒತ್ತಿ ಇಟ್ಟಿದ್ದು.

ಮೇವಿನ ವಿಷಯ ಸ್ವಲ್ಪ ಉದ್ದ ಇದೆ, ಯಾಕಂದ್ರೆ ಇಡೀ ಕೇಸ್ ಇರೋದೇ ಅಲ್ಲಿ. ಮೊದಲ ಎರಡು ತಿಂಗಳು ಆಂಟಿ ಹಳೇ ಪದ್ಧತಿಲೇ ಮಾಡ್ತಿದ್ರು, ಹಂಡೆ ಒಲೆ ಮೇಲಿಟ್ಟು ಕೆಸ, ಬಾಳೆದಿಂಡು, ಪಪ್ಪಾಯಿ ಕಾಯಿ ಎಲ್ಲ ಕೊಚ್ಚಿ ಹಾಕಿ ಬೇಯಿಸಿ ಅದಕ್ಕೆ ಅಕ್ಕಿ ತೌಡು ಕಲಸಿ ಕೊಡೋದು (ಕೆಸ ಹಸಿ ಕೊಟ್ರೆ ನಮಗೆ ಗಂಟಲು ಕೆರೆಯೋ ಹಾಗೆ ಅವಕ್ಕೂ ಕೆರೆಯುತ್ತೆ). ಮಾರ್ಚಿಂದ ಟೌನಿನ ಒಂದು ಹೋಟೆಲಿಂದ ಮುಸುರೆ ಬಕೆಟ್ ಬರೋಕೆ ಶುರುವಾಯ್ತು. ದಿನಾ ಸಂಜೆ ಒಂದು 20 ಲೀಟರ್ ಬಕೆಟ್, ಅನ್ನ, ಸಾಂಬಾರು, ಪರೋಟ ಚೂರು, ಉಪ್ಪಿನಕಾಯಿ, ಕೋಳಿ ಮೂಳೆ, ಎಲ್ಲ ಕಲಸುಮೇಲೋಗರ. ಕಾಸಿಲ್ಲದೆ ಸಿಗುತ್ತೆ, ಬೆಂದದ್ದೇ ಅಲ್ವಾ ಅಂತ ಒಲೆ ಆರಿಸಿದ್ರು. ತೌಡನ್ನೂ ಒಂದೂವರೆ ಕೆಜಿಗೆ ಇಳಿಸಿದ್ರು.

ಬಕೆಟ್ ತುಂಬಿದೆ ಅಂದ್ರೆ ಮೇವು ತುಂಬಿದೆ ಅಂತಲ್ಲ. ಹೋಟೆಲ್ ಮುಸುರೆಲಿ ಮುಕ್ಕಾಲು ಪಾಲು ನೀರೇ, ಒಣ ಲೆಕ್ಕದಲ್ಲಿ ನೋಡಿದ್ರೆ 20 ಕೆಜಿ ಬಕೆಟ್ಟಲ್ಲಿ ನಾಲ್ಕರಿಂದ ಐದು ಕೆಜಿ ಸಿಕ್ಕರೆ ಹೆಚ್ಚು. ತೌಡು ಸೇರಿಸಿ ಆರು ಅಂತಿಟ್ಕೊಳ್ಳಿ. 40 ಕೆಜಿ ಆಸುಪಾಸಿನ ಹಂದಿಗೆ ದಿನಕ್ಕೆ ಒಣ ಮೇವು ಹತ್ತತ್ರ ಎರಡು ಕೆಜಿ ಬೇಕು, ನಾಲ್ಕಕ್ಕೆ ಏಳೆಂಟು ಕೆಜಿ. ಅಂದ್ರೆ ದಿನಾ ಒಂದೂವರೆ ಎರಡು ಕೆಜಿ ಕೊರತೆ. ಈ ಕೊರತೆನ ನಾಲ್ಕೂ ಸಮ ಹಂಚ್ಕೊಂಡಿದ್ರೆ ನಾಲ್ಕೂ ಸ್ವಲ್ಪ ನಿಧಾನಕ್ಕೆ ಬೆಳೀತಿದ್ವು, ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಎರಡಡಿ ತೊಟ್ಟಿ ಅದಕ್ಕೆ ಬಿಡಲಿಲ್ಲ. ಬೆಳೆಯೋ ಹಂದಿಗೆ ತಲೆ ಹಾಕೋಕೆ ತಲಾ ಒಂದಡಿ ಜಾಗ ಬೇಕು, ಇಲ್ಲಿ ಎರಡಕ್ಕೆ ಮಾತ್ರ ಜಾಗ, ಹಾಗಾಗಿ ಪೂರ್ತಿ ಕೊರತೆ ಎರಡರ ತಲೆ ಮೇಲೆ ಬಂತು.

ಅದು ಗೊತ್ತಾಗೋಕೆ ಮುಂಚೆ ಏಪ್ರಿಲಲ್ಲಿ ಇನ್ನೊಂದು ಆಯ್ತು.

ಅಂಕಲ್ ಆಂಟಿ ಇಬ್ರೂ ಮಡಿಕೇರಿಲಿ ಮದುವೆ ಅಂತ ಹೋಗಿದ್ರು, ಲೈನ್ ಮನೆ (ತೋಟದ ಕೆಲಸದವರ ಮನೆ) ಹುಡುಗ ಹಂದಿ ನೋಡ್ಕೋತಿದ್ದ. ಮಳೆ ಗಾಳಿಗೆ ಮರ ಬಿದ್ದು ಕರೆಂಟ್ ಹೋಯ್ತು, ಮೋಟರ್ ಓಡ್ಲಿಲ್ಲ, ಟ್ಯಾಂಕ್ ಖಾಲಿ. ಮುಸುರೆಲಿ ನೀರಿದ್ಯಲ್ಲ ಅಂತ ಹುಡುಗ ಬೇರೆ ನೀರು ಇಡಲಿಲ್ಲ. ಎರಡು ದಿನ ಹಿಂಗೇ. ಮೂರನೇ ದಿನ ಬೆಳಿಗ್ಗೆ ದೊಡ್ಡ ಗಂಡು ಒಂದು ಸುತ್ತು ಹಾಕ್ತಾ ಹಾಕ್ತಾ ಹೋಗಿ ಗೋಡೆಗೆ ತಲೆ ಒತ್ತಿ ನಿಂತ್ಕೊಳ್ತು, ಕೂಗಿದ್ರೆ ತಿರುಗಲ್ಲ, ಕಣ್ಣು ಬಿಟ್ಟೇ ಇದೆ ಆದ್ರೆ ಕಾಣಿಸ್ತಿಲ್ಲ. ಆಮೇಲೆ ನಾಯಿ ಕೂತ ಹಾಗೆ ಹಿಂಗಾಲ ಮೇಲೆ ಕೂತು ಮೂತಿ ಮೇಲೆತ್ತಿ ನಡುಗೋಕೆ ಶುರು. ನಾನು ಹೋದಾಗ ಅಲ್ಲಿ ಸೇರಿದ್ದೋರಲ್ಲಿ ಒಬ್ರು ಹಾವು ಅಂದ್ರು, ಒಬ್ರು ಹುಚ್ಚು ನಾಯಿ ಕಚ್ಚಿದೆ ಅಂದ್ರು. ವೆಟರ್ನರಿ ಡಾಕ್ಟ್ರು ಬಂದವರು ಹಂದಿ ಮುಟ್ಟೋಕೆ ಮುಂಚೆನೇ ಕೇಳಿದ್ದು ಒಂದೇ ಪ್ರಶ್ನೆ, ಕೊನೇ ಸಲ ನೀರು ಕುಡಿದಿದ್ದು ಯಾವಾಗ ಅಂತ.

ಉಪ್ಪಿನ ವಿಷ. ಉಪ್ಪು ತಿಂದಿದ್ದಕ್ಕಿಂತ ನೀರು ಸಿಗದೇ ಇದ್ದಿದ್ದು ಇದರಲ್ಲಿ ದೊಡ್ಡ ಕಾರಣ, ನೀರು ಬೇಕಾದಷ್ಟು ಇದ್ರೆ ಹಂದಿ ಸ್ವಲ್ಪ ಹೆಚ್ಚು ಉಪ್ಪನ್ನೂ ತಡ್ಕೊಳ್ಳುತ್ತೆ. ನೀರಿಲ್ಲದೆ ಹೋದ್ರೆ ಆ ಉಪ್ಪು ಮಿದುಳಲ್ಲಿ ಕೂತ್ಕೊಳ್ಳುತ್ತೆ. ಇಲ್ಲಿ ಎಲ್ಲರೂ ಮಾಡೋದು ಏನು, ಅಯ್ಯೋ ಪಾಪ ಅಂತ ಬಕೆಟ್ ತುಂಬಾ ನೀರು ಮುಂದೆ ಇಡೋದು. ಅದೇ ಕೊಲ್ಲೋದು. ಒಂದೇ ಸಲ ನೀರು ಒಳಗೆ ಹೋದ್ರೆ ಉಪ್ಪು ಇರೋ ಕಡೆಗೆ ನೀರು ನುಗ್ಗಿ ಮಿದುಳು ಊದ್ಕೊಳ್ಳುತ್ತೆ. ಡಾಕ್ಟ್ರು ಹೇಳಿದ್ದು ಸ್ವಲ್ಪ ಸ್ವಲ್ಪ, ಅರ್ಧ ಗಂಟೆಗೊಂದು ಸಲ, ದಿನ ಪೂರ್ತಿ. ನಾಲ್ಕಕ್ಕೂ ಹಾಗೇ ಕೊಟ್ರು, ಕೊಡದೆ ಇದ್ದಾಗ ಅವು ಕಿರುಚಿದ ಕಿರುಚಾಟ ರಸ್ತೆವರೆಗೂ ಕೇಳ್ತಿತ್ತು. ಬದುಕ್ತು. ಗಮನಿಸಿ, ಜೋರಾಗಿ ಬಿದ್ದಿದ್ದು ದೊಡ್ಡ ಹಂದಿ, ಯಾಕಂದ್ರೆ ಗಟ್ಟಿ ಮುಸುರೆ ಎಲ್ಲ ತಿಂತಿದ್ದಿದ್ದು ಅದೇ. ಸಣ್ಣವಕ್ಕೆ ಏನೂ ಆಗಿರಲಿಲ್ಲ. ಅವತ್ತೇ ಇದು ಹೊಳೀಬೇಕಿತ್ತು ಯಾರಿಗಾದ್ರೂ, ಹೊಳೀಲಿಲ್ಲ.

ಆ ಗಾಬರಿ ಮೇಲೆ ಅಂಕಲ್ ಒಂದು ಡ್ರಮ್ಮಿಗೆ ಪೈಪ್ ಹಾಕಿ ನಿಪ್ಪಲ್ ಕೂರಿಸಿದ್ರು, ಹಂದಿ ಬಾಯಲ್ಲಿ ಕಚ್ಚಿದ್ರೆ ನೀರು ಬರೋದು. ಕರೆಂಟ್ ಹೋದ್ರೂ ಎರಡು ದಿನಕ್ಕೆ ಸಾಕು. ಖರ್ಚು ಏನಿಲ್ಲ, ಮೊದಲೇ ಮಾಡಬಹುದಿತ್ತು ಅನ್ನೋ ಸಾಲಿನ ಕೆಲಸ.

ಮೇ ತಿಂಗಳ ಅಳತೆ ಹೇಗೆ ಅಂದ್ರೆ ತಕ್ಕಡಿ ಬೇಕಿಲ್ಲ, ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಒಂದು, ಎರಡು ಕಿವಿ ಮಧ್ಯದಿಂದ ಬಾಲದ ಬುಡದವರೆಗೆ ಬೆನ್ನಿನ ಉದ್ದ ಒಂದು, ಎರಡೂ ಮೀಟರಲ್ಲಿ. ಸುತ್ತಳತೆನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಆಮೇಲೆ 69.3ರಿಂದ ಗುಣಿಸಿದ್ರೆ ಹತ್ತತ್ರ ಕೆಜಿ ಬರುತ್ತೆ. ದೊಡ್ಡದರಲ್ಲಿ ಒಂದು ಸುತ್ತಳತೆ 90 ಸೆಂಟಿಮೀಟರ್, ಉದ್ದ 95, ಅಂದ್ರೆ 53 ಕೆಜಿ. ಸಣ್ಣದು 75, 82, ಬಂದಿದ್ದು 32. ಹಂದಿ ತಿನ್ನೋ ಹೊತ್ತಲ್ಲಿ ಅಳೀಬೇಕು, ಇಲ್ಲಾಂದ್ರೆ ನಿಲ್ಲಲ್ಲ. ಅಳೆಯೋಕೆ ನಿಂತಾಗಲೇ ಗೊತ್ತಾಗಿದ್ದು ಸಣ್ಣವೆರಡು ತೊಟ್ಟಿ ಹತ್ರ ಬರ್ತಾನೇ ಇಲ್ಲ ಅಂತ. ಆಂಟಿ ಹೇಳಿದ್ರು, "ಅವಕ್ಕೆ ಮೊದಲಿಂದಲೂ ಹಸಿವು ಕಮ್ಮಿ ಕಣೋ, ದೂರ ನಿಂತು ಪಾಪ ಕಾಯ್ತಾವೆ, ಜಗಳನೇ ಆಡಲ್ಲ." ಜಗಳ ಆಡಿ ಸೋತು ಆಗಿತ್ತು ಅವು, ಜನವರಿಲೇ. ಕಿವಿ ಮೇಲೆ ಹಳೇ ಕಚ್ಚಿದ ಗಾಯದ ಗೆರೆ ಇನ್ನೂ ಇತ್ತು. ದೊಡ್ಡವು ತಿಂದು ಹೋದ್ಮೇಲೆ ತಳದಲ್ಲಿ ಉಳಿದ ತಿಳಿ ನೀರು ಕುಡಿದು ಹೊಟ್ಟೆ ತುಂಬಿಸ್ಕೋತಿದ್ವು, ಅದಕ್ಕೇ ಆ ಡೊಳ್ಳು.

ಡೊಳ್ಳಿಗೆ ಜಂತುಹುಳನೂ ಸೇರಿತ್ತು. ಸಗಣಿಲಿ ಒಂದು ಗೇಣುದ್ದದ ಬಿಳಿ ಹುಳ ಲೈನ್ ಮನೆ ಹುಡುಗ ಮೊದಲೇ ನೋಡಿದ್ದನಂತೆ, ಯಾರೂ ಕೇಳಲಿಲ್ಲ ಹೇಳಲಿಲ್ಲ. ಈ ದುಂಡು ಹುಳದ ಮೊಟ್ಟೆ ಗೂಡಲ್ಲಿ ವರ್ಷಗಟ್ಟಲೆ ಬದುಕುತ್ತೆ, ಹಿಂದಿನ ಸಲದ ಹಂದಿಗಳಿಂದ ಉಳಿದಿದ್ದು ಈ ಸಲದವಕ್ಕೆ ಹತ್ತಿರುತ್ತೆ. ಹಾಗಾಗಿ ಮಾರಿದವರು ಒಂದು ಸಲ ಔಷಧಿ ಹಾಕಿದ್ರು ಅನ್ನೋದು ನಿಜವೇ ಆಗಿದ್ರೂ ಉಪಯೋಗ ಇಲ್ಲ, ಗೂಡಿಗೆ ಬಂದ್ಮೇಲೆ ಮತ್ತೆ ಹಾಕ್ಲೇಬೇಕು. ನಾಲ್ಕಕ್ಕೂ ಹುಳ ಇದ್ದಿರುತ್ತೆ, ಹೊಟ್ಟೆ ತುಂಬಾ ತಿನ್ನೋದು ತಡ್ಕೊಳ್ಳುತ್ತೆ, ಅರೆಹೊಟ್ಟೆದು ಸೊರಗುತ್ತೆ.

ಮಾಡಿದ್ದು ಇಷ್ಟು. ಸಿಲ್ವರ್ ಓಕ್ ಹಲಗೆ ಹೊಡೆದು ಗೂಡನ್ನ ಎರಡು ಭಾಗ ಮಾಡಿದ್ರು, ದೊಡ್ಡವು ಒಂದು ಕಡೆ ಸಣ್ಣವು ಒಂದು ಕಡೆ. ಸಣ್ಣವಕ್ಕೆ ಬೇರೆ ತೊಟ್ಟಿ, ಪಿವಿಸಿ ಪೈಪ್ ಸೀಳಿ ಮಾಡಿದ್ದು ಮೊದಲು, ಎರಡೇ ದಿನಕ್ಕೆ ಮುರಿದು ಹಾಕಿದ್ವು, ಆಮೇಲೆ ಸಿಮೆಂಟಲ್ಲಿ ಕಟ್ಟಿಸಿದ್ರು. ಡಾಕ್ಟ್ರು ಹೇಳಿದ ಹಾಗೆ ನಾಲ್ಕಕ್ಕೂ ಹುಳದ ಔಷಧಿ, ಕೆಲವು ವಾರ ಬಿಟ್ಟು ಮತ್ತೆ. ಹಂದಿ ಜ್ವರದ ಲಸಿಕೆ ಹಾಕಿಸಿರಲಿಲ್ಲ, ಅದೂ ಆಯ್ತು (ಇದು ಹಳೇ ಹಂದಿ ಜ್ವರದ್ದು, ಆಫ್ರಿಕನ್ ಹಂದಿ ಜ್ವರ ಬೇರೆನೇ, ಅದಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ, ತುಂಬಾ ಜನ ಎರಡನ್ನೂ ಒಂದೇ ಅಂದ್ಕೊಂಡಿದಾರೆ). ಮೇವಿಗೆ ತೌಡು ಹೆಚ್ಚು ಮಾಡಿ ಜೋಳದ ಹಿಟ್ಟು, ಸೋಯಾ ಹಿಂಡಿ ಸೇರಿಸಿದ್ರು. ಸೋಯಾ ದುಬಾರಿ ಅಂತ ಅಂಕಲ್ ಗೊಣಗಿದ್ರು, ಆದ್ರೆ ಬರೀ ತೌಡು ಅನ್ನ ತಿಂದ್ರೆ ಹಂದಿಗೆ ನೆಣ ಬರುತ್ತೆ, ಮೈ ಬರಲ್ಲ, ಅದರಲ್ಲೂ ಹಿಂದುಳಿದ ಮರಿಗೆ ಪ್ರೋಟೀನ್ ಬೇಕೇ ಬೇಕು. ಪುಣ್ಯಕ್ಕೆ ಮೇ ಜೂನ್ ಅಂದ್ರೆ ಹಲಸಿನ ಕಾಲ. ತೋಟದಲ್ಲಿ ಬಿದ್ದು ಕೊಳೆಯೋ ಹಣ್ಣು ದಿನಾ ನಾಲ್ಕೈದು, ಬೀಜ ಬೇಯಿಸಿ ಬೇರೆ. ಆನೆ ಬರುತ್ತೆ ಅಂತ ಹೆಂಗಿದ್ರೂ ಹಲಸು ಕಿತ್ತು ತೆಗೀಲೇಬೇಕು ನಮ್ಮ ಕಡೆ.

ಸಣ್ಣವು ತಿರುಗಿಕೊಂಡ್ವು. ಒಂದು ತಿಂಗಳಲ್ಲಿ ರೋಮ ನುಣುಪಾಯ್ತು, ಬಾಲ ಸುತ್ತಿಕೊಳ್ತು.

ಇಷ್ಟು ಹೊತ್ತಿಗೆ ಜುಲೈ ಬಂತು, ವಯನಾಡಿನ ಮಾನಂದವಾಡಿ ಹತ್ರ ಫಾರ್ಮ್‌ಗಳಲ್ಲಿ ಆಫ್ರಿಕನ್ ಹಂದಿ ಜ್ವರ ಅಂತ ಸುದ್ದಿ. ಮಾನಂದವಾಡಿ ಅಂದ್ರೆ ಕೇರಳ ಗಡಿಲಿರೋ ನಮ್ಮ ಕುಟ್ಟದಿಂದ ಆಚೆ, ನಮಗೇನೂ ದೂರ ಅಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಬಂದಾಗ ಪೇಪರಲ್ಲಿ ಓದಿ ಬಿಟ್ಟಿದ್ವಿ. ಇದು ಮನುಷ್ಯರಿಗೆ ಹತ್ತಲ್ಲ, ಆದ್ರೆ ಹಂದಿಗೆ ಬಂದ್ರೆ ಜೋರು ಜ್ವರ, ಮೇವು ಬಿಡೋದು, ಕಿವಿ ಹೊಟ್ಟೆ ಕೆಂಪು ನೇರಳೆ ಆಗೋದು, ಗೂಡಿಗೆ ಗೂಡೇ ಖಾಲಿ. ರೋಗ ಸಿಕ್ಕ ಜಾಗದಿಂದ ಒಂದು ಕಿಲೋಮೀಟರ್ ಸುತ್ತಲಿನ ಹಂದಿ ಎಲ್ಲ ಕೊಂದು ಹೂಳ್ತಾರೆ, ನಿಮ್ಮದು ಚೆನ್ನಾಗಿದ್ರೂ ಅಷ್ಟೇ.

ಹೋಟೆಲ್ ಬಕೆಟ್ ಇನ್ನೂ ಬರ್ತಿತ್ತು ಆಗ, ಅರ್ಧ ಮಾಡಿದ್ರೂ ಬಿಟ್ಟಿರಲಿಲ್ಲ. ನಾನು ನಿಲ್ಲಿಸಿ ಅಂಕಲ್ ಅಂದೆ. "ಅಲ್ಲ ಮಾರಾಯ, ಬೇಯಿಸಿದ ಸಾಂಬಾರಲ್ಲಿ ಯಾವ ರೋಗ ಬರುತ್ತೆ?" ಅಂದ್ರು. ಸಾಂಬಾರಲ್ಲಿ ಬರಲ್ಲ, ಆದ್ರೆ ಅದೇ ಬಕೆಟ್ಟಿಗೆ ಅಡುಗೆಯವನು ಹಸಿ ಹಂದಿ ಮಾಂಸ ತೊಳೆದ ನೀರು ಸುರೀತಾನೆ, ಚರ್ಮದ ಚೂರು, ನೆಣದ ಚೂರು ಹಾಕ್ತಾನೆ, ಆ ಮಾಂಸ ಯಾವ ಊರಿಂದು ಅಂತ ಅವನಿಗೂ ಗೊತ್ತಿರಲ್ಲ. ಈ ವೈರಸ್ ಹಸಿ ಮಾಂಸದಲ್ಲಿ, ಫ್ರೀಜರಲ್ಲಿಟ್ಟ ಮಾಂಸದಲ್ಲಿ ತಿಂಗಳುಗಟ್ಟಲೆ ಇರುತ್ತೆ. ಮುಸುರೆ ಕೊಡಲೇಬೇಕು ಅಂದ್ರೆ 90 ಡಿಗ್ರಿಲಿ ಒಂದು ಗಂಟೆ ಕೈಯಾಡಿಸ್ತಾ ಕುದಿಸ್ಬೇಕು, ದಿನಾ 20 ಲೀಟರ್ ಹಿಂಗೆ ಕುದಿಸೋ ಸೌದೆಗೆ ಜೋಳನೇ ತರಬಹುದು. ಕೊನೆಗೆ ಆಂಟಿನೇ ಬಕೆಟ್ ನಿಲ್ಲಿಸಿದ್ರು. ನನ್ನ ಅಭಿಪ್ರಾಯ ಅವತ್ತೂ ಇದೇ ಇವತ್ತೂ ಇದೇ, ಮನೆ ಹಂದಿಗೆ ಮನೆ ಮುಸುರೆ ಸರಿ, ಅದೂ ಹಂದಿ ಮಾಂಸ ಮಾಡಿದ ದಿನದ್ದು ಬಿಟ್ಟು, ಹೋಟೆಲಿಂದು ಬಿಟ್ಟಿ ಸಿಕ್ಕರೂ ಬೇಡ. ಹಂದಿ ವ್ಯಾಪಾರಿಗಳನ್ನೂ ಗೇಟ್ ಒಳಗೆ ಬಿಡಲಿಲ್ಲ, ಇವತ್ತು ಆ ಗೂಡು ನಾಳೆ ಈ ಗೂಡು ಅಂತ ಓಡಾಡೋ ಅವರ ಚಪ್ಪಲಿ, ಜೀಪಿನ ಟೈರ್ ಸಾಕು. ಗೂಡಿಗೆ ಅಂತ ಬೇರೆ ಗಂಬೂಟ್ಸ್, ಬಾಗಿಲಲ್ಲಿ ಸುಣ್ಣ. ಕಾಡುಹಂದಿಗೂ ಈ ರೋಗ ಬರುತ್ತೆ, ಅವು ರಾತ್ರಿ ಗೊಬ್ಬರದ ಗುಂಡಿವರೆಗೂ ಬರ್ತಿದ್ವು, ಅದಕ್ಕೆ ಗುಂಡಿ ಸುತ್ತ ತಂತಿ ಮೆಶ್ ಹಾಕಿದ್ರು.

ಮಾರಿಬಿಡೋಣ್ವಾ ಇಟ್ಕೊಳ್ಳೋಣ್ವಾ ಅನ್ನೋದು ನಿಜವಾದ ತಲೆನೋವು. ನಾಲ್ಕನ್ನೂ ಜುಲೈಲೇ ಕಡಿದ್ರೆ ದೊಡ್ಡವು ಸರಿ, ಸಣ್ಣವು ನಷ್ಟ, ಹಬ್ಬಕ್ಕೆ ಕೈ ಖಾಲಿ. ಇಟ್ಕೊಂಡ್ರೆ ರೋಗ ಬಂತು ಅಂದ್ರೆ ಎಲ್ಲ ಹೋಯ್ತು. ಅವರು ಮಾಡಿದ್ದು ಮಧ್ಯದ ದಾರಿ. ಉಪ್ಪಿನ ವಿಷ ಆಗಿತ್ತಲ್ಲ ಆ ದೊಡ್ಡ ಗಂಡನ್ನ ಜುಲೈ ಕೊನೆಗೆ, ಕಕ್ಕಡ (ಆಟಿ ತಿಂಗಳು) ಮಳೆಲೇ ಕಡಿದು ಪಾಲು ಹಾಕಿದ್ರು, 84 ಕೆಜಿ ಹತ್ರ ಇತ್ತು. ಹಾಕಿದ್ದ ದುಡ್ಡಲ್ಲಿ ಒಂದು ಭಾಗ ಕೈಗೆ ಬಂತು, ಹೋಟೆಲ್ ಬಕೆಟ್ ನಿಂತ ಮೇಲೆ ಇದ್ದ ಮೇವು ಮೂರಕ್ಕೆ ಸಾಕಾಯ್ತು. ಸರಿಯಾದ ತೀರ್ಮಾನ ಅಂತಲೇ ನನಗನ್ಸುತ್ತೆ.

ಕಡಿಯೋದರ ಬಗ್ಗೆ ಎರಡು ಮಾತು. ಹಿಂದಿನ ದಿನ ಮಧ್ಯಾಹ್ನದ ಮೇಲೆ ಮೇವಿಲ್ಲ, ನೀರು ಮಾತ್ರ. ಓಡಿಸಬಾರದು, ಹೆದರಿಸಬಾರದು, ಹೆದರಿ ಓಡಿದ ಹಂದಿ ಮಾಂಸ ಮಾಸಲಾಗಿ ನೀರು ಬಿಡುತ್ತೆ. ಒಂದೇ ಏಟಿಗೆ ಪ್ರಜ್ಞೆ ತಪ್ಪಬೇಕು, ತಕ್ಷಣ ರಕ್ತ ಬಿಡಬೇಕು, ಕೈ ಪಳಗಿದವರೇ ಬೇಕು ಇದಕ್ಕೆ. ಕುದಿ ನೀರಲ್ಲಿ ರೋಮ ತೆಗೆಯೋ ಪದ್ಧತಿ ಬೇರೆ ಕಡೆ ಇದೆ, ನಮ್ಮಲ್ಲಿ ಸುಡೋದು. ಒಣ ಹುಲ್ಲು ಹಾಕಿ ಸುಟ್ರೆ ಬರೋ ಹೊಗೆ ಪರಿಮಳ ಗ್ಯಾಸ್ ಟಾರ್ಚಲ್ಲಿ ಬರಲ್ಲ ಅಂತ ಹಿರಿಯರು, ಕಕ್ಕಡದಲ್ಲಿ ಒಣ ಹುಲ್ಲೆಲ್ಲಿ, ಶೆಡ್ ಒಳಗೆ ಟಾರ್ಚೇ. ಕಪ್ಪಾಗಿ ಸುಟ್ಟ ಮೇಲೆ ನೀರು ಹೊಯ್ದು ಕತ್ತೀಲಿ ಕೆರೆದ್ರೆ ಹೊನ್ನಿನ ಬಣ್ಣದ ಚರ್ಮ. ಚರ್ಮ, ನೆಣ ಎಲ್ಲ ಇರ್ಬೇಕು ಪಂದಿಕರಿಗೆ, ಬರೀ ಕೆಂಪು ಮಾಂಸ ಕೇಳೋರು ಬೆಂಗಳೂರಿನ ನೆಂಟರು ಮಾತ್ರ. 84 ಕೆಜಿಗೆ ಚರ್ಮ ಮೂಳೆ ಸೇರಿ 60 ಕೆಜಿ ಮೇಲೆ ಬಂತು, ಬಾಳೆಲೆ ಮೇಲೆ ಗುಡ್ಡೆ ಹಾಕಿ ಪಾಲು ಮಾಡಿದ್ರು, ಪ್ರತಿ ಗುಡ್ಡೆಲೂ ತೊಡೆ, ಪಕ್ಕೆ, ನೆಣ, ಈಲಿ (ಲಿವರ್) ಎಲ್ಲ ಒಂದೊಂದು ಚೂರು ಬರೋ ಹಾಗೆ. ಮನೆ ಬಳಕೆಗೆ, ಪಾಲಿಗೆ ಸರಿ, ಅಂಗಡಿ ಇಟ್ಟು ಮಾರೋದಾದ್ರೆ ಲೈಸೆನ್ಸು, ತಪಾಸಣೆ ಎಲ್ಲ ಬೇರೆ ದಾರಿ.

ಮಾಂಸದಲ್ಲಿ ಅಕ್ಕಿ ಕಾಳಿನ ಹಾಗೆ ನೀರ್ಗುಳ್ಳೆ ಇದ್ಯಾ ಅಂತ ನಾಲಿಗೆ, ತೊಡೆ ಕೊಯ್ದು ನೋಡಿದ್ರು, ಇರಲಿಲ್ಲ. ಅದು ಲಾಡಿಹುಳದ್ದು, ಹಂದಿ ಹೊರಗೆ ಬಿಟ್ಟಿದ್ದು ಮನುಷ್ಯರ ಮಲ ತಿಂದ್ರೆ ಬರೋದು, ಗೂಡಲ್ಲೇ ಕಟ್ಟಿ ಸಾಕಿದ್ರೆ ಆ ದಾರಿ ಮುಚ್ಚುತ್ತೆ. ಮಿದುಳಲ್ಲಿ ಗಡ್ಡೆ ಆಗಿ ಫಿಟ್ಸ್ ಬರೋದು ಹಂದಿ ತಿಂದಿದ್ದಕ್ಕೇ ಅಂತ ಜನ ಹೇಳ್ತಾರೆ, ಅದು ಹಾಗಲ್ಲ, ಹುಳ ಇರೋ ಮನುಷ್ಯನ ಮಲದಿಂದ ಮೊಟ್ಟೆ ಕೈಗೋ ಸೊಪ್ಪಿಗೋ ಹತ್ತಿ ಹೊಟ್ಟೆಗೆ ಹೋದ್ರೆ ಬರೋದು. ಮಾಂಸನೇ ಮುಟ್ಟದವರಿಗೂ ಬರುತ್ತೆ.

ಉಳಿದ ಮೂರು ಕೈಲ್‌ಮುಹೂರ್ತಕ್ಕೆ. ದೊಡ್ಡದು 98, ಸಣ್ಣವು 78, 72. ಮೇ ತಿಂಗಳಲ್ಲಿ 30ರ ಆಸುಪಾಸಲ್ಲಿ ಇದ್ದವು ದಿನಕ್ಕೆ ಕಮ್ಮಿ ಅಂದ್ರೂ 400 ಗ್ರಾಂ ಹತ್ರ ಏರಿದಾವೆ ಅಂದಾಯ್ತು, ದೊಡ್ಡದರ ಸಮಕ್ಕೆ. ಅಂದ್ರೆ ತಳಿದು ತಪ್ಪಿರಲಿಲ್ಲ. ಕೊಯ್ದಾಗ ಸಣ್ಣವೆರಡರ ಈಲಿ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ ಕಾಣ್ತು, ಜಂತುಹುಳದ ಮರಿ ಈಲಿ ಕೊರೆದು ಹೋದ ಗುರುತು. ದೊಡ್ಡದರ ಈಲಿಲೂ ಇತ್ತು, ಕಮ್ಮಿ. ಆ ಭಾಗ ಕೊಯ್ದು ಬಿಸಾಕಿದ್ರು.

ದುಡ್ಡಿನ ಲೆಕ್ಕಕ್ಕೆ ಬಂದ್ರೆ ಖರ್ಚಲ್ಲಿ ಮುಕ್ಕಾಲು ಪಾಲು ಮೇವಿಂದೇ, ಇದು ಯಾವ ಹಂದಿ ಸಾಕಣೆಲೂ ಹಾಗೇ. ಪಾಲು ಹಾಕಿದ್ದರಲ್ಲಿ ಮರಿ ದುಡ್ಡು, ಮೇವಿನ ದುಡ್ಡು ಹುಟ್ಟಿ ಮನೆಗೆ ಒಂದು ಹಂದಿ ಮಾಂಸ ಉಳೀತು, ಜೊತೆಗೆ ಕಾಫಿ ಗಿಡಕ್ಕೆ ಗೊಬ್ಬರ. ಕೈಕೆಲಸಕ್ಕೆ ಕೂಲಿ ಹಾಕಿದ್ರೆ ಲಾಭ ಇಲ್ಲ, ಅದನ್ನ ಅಂಕಲ್ಲೂ ಒಪ್ತಾರೆ. ಬಿಟ್ಟಿ ಬಕೆಟ್ ತರೋಕೆ ದಿನಾ ಟೌನಿಗೆ ಜೀಪ್ ಓಡಿಸಿದ ಡೀಸೆಲ್ಲು, ಏಪ್ರಿಲಲ್ಲಿ ಆದ ಔಷಧಿ ಖರ್ಚು ಕೂಡಿಸಿದ್ರೆ ಅಷ್ಟಕ್ಕೆ ಸೋಯಾ ಹಿಂಡಿ ಮೂಟೆಗಟ್ಟಲೆ ಬರ್ತಿತ್ತು ಅಂತ ಆಂಟಿ ಲೆಕ್ಕ ಹಾಕಿ ತೋರಿಸಿದ್ರು, ಅಂಕಲ್ ಅದನ್ನ ಒಪ್ಪಿಲ್ಲ.

ಹಬ್ಬ ಆದ್ಮೇಲೆ ಗೂಡು ಕೆರೆದು ತೊಳೆದು ಸುಣ್ಣ ಬಳಿದು ಕೆಲವು ತಿಂಗಳು ಖಾಲಿ ಬಿಟ್ರು. ಮುಂದಿನ ಸಲ ಎರಡೇ ಮರಿ ತಂದ್ರು, ಸಿಮೆಂಟ್ ತೊಟ್ಟಿ ಅದೇ, ಬಂದ ವಾರದಲ್ಲೇ ಹುಳದ ಔಷಧಿ. ಒಂದೇ ಮರಿ ತರಬೇಡಿ ಅಂತ ನಾನೇ ಹೇಳಿದ್ದೆ, ಹಂದಿ ಒಂಟಿಯಾಗಿ ಇರೋ ಪ್ರಾಣಿ ಅಲ್ಲ, ಅದಕ್ಕೆ ಜೊತೆ ಬೇಕು. ಈಗ ಅಂಕಲ್‌ಗೆ ಹೊಸ ಹುಚ್ಚು, ಮರಿ ರೇಟ್ ಜಾಸ್ತಿ ಆಯ್ತು, ಒಂದು ಹೆಣ್ಣು ಹಂದಿ ಇಟ್ಕೊಂಡು ಮನೇಲೇ ಮರಿ ಹಾಕಿಸೋಣ ಅಂತ. ಗಬ್ಬ 114 ದಿನ, ಅದಕ್ಕೊಂದು ಗಂಡು ಹುಡುಕ್ಬೇಕು, ಮರಿ ಹಾಕಿದ ರಾತ್ರಿ ತಾಯಿ ಮೈ ಕೆಳಗೆ ಸಿಕ್ಕಿ ಸಾಯದ ಹಾಗೆ ಕಾಯ್ಬೇಕು, ಮೂರನೇ ದಿನಕ್ಕೆ ಕಬ್ಬಿಣದ ಇಂಜೆಕ್ಷನ್, ವರ್ಷ ಪೂರ್ತಿ ತಾಯಿಗೆ ಮೇವು, ಎರಡು ಹಂದಿ ಮಾಂಸ ಬೇಕಾದ ಮನೆಗೆ ಇದೆಲ್ಲ ಯಾಕೆ ಅಂತ ನಾನು ಹೇಳ್ತಾನೇ ಇದೀನಿ. ಅವರು ಆಗ್ಲೇ ಗೂಡಿನ ಆ ಕಡೆ ಗೋಡೆ ಒಡೆಸೋಕೆ ಮೇಸ್ತ್ರಿ ಕರೆಸಿ ಅಳತೆ ತೆಗೆಸಿದಾರೆ.